ದೇವರಾಯನದುರ್ಗದ ಒಣಕಾಡಿಗೆ ಫೆಬ್ರವರಿಲಿ ಒಂದ್ಸಲ ಹೋಗಿ

ತುಮಕೂರಿನವರಿಗೆ ಡಿಡಿ ಹಿಲ್ಸ್, ಅಂದ್ರೆ ದೇವರಾಯನದುರ್ಗದ ಬಗ್ಗೆ ಹೊಸದಾಗಿ ಹೇಳೋ ಅಗತ್ಯಾನೇ ಇಲ್ಲ. ಕಾಲೇಜಿಗೆ ಬಂಕ್ ಹೊಡೆದವರು, ಹೊಸಾ ಬೈಕ್ ತಗೊಂಡವರು, ಬೆಂಗಳೂರಿಂದ ನೆಂಟರು ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗೋದಪ್ಪಾ ಅಂತ ತಲೆ ಕೆರ್ಕೊಳ್ಳೋವ್ರು, ಎಲ್ರೂ ಕೊನೆಗೆ ಗಾಡಿ ತಿರುಗಿಸೋದು ಅಲ್ಲಿಗೇ. ನಾಮದ ಚಿಲುಮೇಲಿ ನೀರು ಮುಟ್ಟಿ, ಜಿಂಕೆ ನೋಡಿ, ಬೆಟ್ಟ ಹತ್ತಿ ನರಸಿಂಹಸ್ವಾಮಿಗೆ ಕೈ ಮುಗ್ದು, ಮೇಲಿಂದ ನಾಲ್ಕು ಫೋಟೋ ತೆಗ್ದು, ಮಧ್ಯಾಹ್ನದ ಹೊತ್ತಿಗೆ ಕೆಳಗೆ. ಈ ಪ್ರೋಗ್ರಾಂನಲ್ಲಿ ತಪ್ಪೇನಿಲ್ಲ, ನಾನೂ ಚಿಕ್ಕಂದಿನಿಂದ ಇದನ್ನೇ ಮಾಡ್ಕೊಂಡು ಬಂದವಳು. ಆದ್ರೆ ಹೋಗಿ ಬಂದವರನ್ನ ಕಾಡು ಹೆಂಗಿತ್ತು ಅಂತ ಕೇಳಿ ನೋಡಿ, "ಅಲ್ಲೆಲ್ಲಿದೆ ಕಾಡು, ಬರೀ ಕುರುಚಲು ಗಿಡ" ಅಂತಾರೆ. ನಂಗೆ ಮೈ ಉರಿಯೋದು ಅಲ್ಲೇ.

ನಮ್ಮಲ್ಲಿ ಕಾಡು ಅಂದ್ರೆ ಮಲೆನಾಡಿನ ಥರಾನೇ ಇರಬೇಕು ಅಂತ ಎಲ್ಲರ ತಲೇಲೂ ಕೂತ್ಬಿಟ್ಟಿದೆ. ಸೂರ್ಯನ ಬೆಳಕು ನೆಲಕ್ಕೆ ಬೀಳಬಾರದು, ಜಿಗಣೆ ಕಚ್ಚಬೇಕು, ಮಂಜು ಇರಬೇಕು, ಇಲ್ದಿದ್ರೆ ಅದು ಕಾಡೇ ಅಲ್ಲ. ಆಗುಂಬೇಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತೆ, ನಮ್ಮ ಕಡೆ ಬೀಳೋದು ಹೆಚ್ಚುಕಮ್ಮಿ ಅದರ ಹತ್ತರಲ್ಲಿ ಒಂದು ಪಾಲು, ಅದೂ ಬಹಳಷ್ಟು ಸೆಪ್ಟೆಂಬರ್ ಅಕ್ಟೋಬರ್‌ನಲ್ಲೇ. ಅಷ್ಟು ನೀರಲ್ಲಿ ಇಡೀ ವರ್ಷ ದಾಟಿಸಬೇಕು ಅಂದ್ರೆ ಮರ ಏನ್ ಮಾಡ್ಬೇಕು ಹೇಳಿ, ಎಲೆ ಇದ್ರೆ ಎಲೆಯಿಂದ ನೀರು ಆವಿ ಆಗಿ ಹೋಗುತ್ತೆ, ಅದಕ್ಕೇ ಚಳಿಗಾಲ ಮುಗೀತಿದ್ದಂಗೆ ಎಲೆ ಉದುರಿಸಿ ಬರೀ ಕೊಂಬೆ ಇಟ್ಕೊಂಡು ನಿಂತ್ಕೊಳ್ಳುತ್ತೆ. ಮರ ಸತ್ತಿಲ್ಲ, ನೀರು ಉಳಿಸ್ತಾ ಇದೆ ಅಷ್ಟೇ. ಇದನ್ನ ಗೊತ್ತಿಟ್ಕೊಂಡು ಫೆಬ್ರವರೀಲಿ ದೇವರಾಯನದುರ್ಗಕ್ಕೆ ಹೋದ್ರೆ ಕಾಣೋದೇ ಬೇರೆ.

ಮೊದ್ಲು ಒಂಚೂರು ಲೆಕ್ಕಾಚಾರ ಹೇಳ್ಬಿಡ್ತೀನಿ. ತುಮಕೂರಿಂದ ಸುಮಾರು 15 ಕಿಲೋಮೀಟರ್, ಬೆಂಗಳೂರಿಂದ 70 ಚಿಲ್ಲರೆ. ಬೆಟ್ಟದ ತುದಿ ಸಮುದ್ರ ಮಟ್ಟದಿಂದ 3940 ಅಡಿ. ಸುತ್ತಲಿನ ದೇವರಾಯನದುರ್ಗ ರಾಜ್ಯ ಅರಣ್ಯ ಸುಮಾರು 42 ಚದರ ಕಿಲೋಮೀಟರ್. ಈ ರಾಜ್ಯ ಅರಣ್ಯ ಅನ್ನೋದು ಮೈಸೂರು ಸಂಸ್ಥಾನದ ಕಾಲದಿಂದ ಬಂದಿದ್ದು, ಸರ್ಕಾರ ಕಾಯ್ದಿಟ್ಟ ಕಾಡಿಗೆ ಆಗ ಸ್ಟೇಟ್ ಫಾರೆಸ್ಟ್ ಅಂತಲೇ ಹೇಳ್ತಿದ್ರು, ಹಳೇ ಮೈಸೂರಿನ ಕಡೆ ಸಾವನದುರ್ಗವೂ ಹಂಗೇ. ಇದು ನ್ಯಾಷನಲ್ ಪಾರ್ಕೂ ಅಲ್ಲ, ಅಭಯಾರಣ್ಯವೂ ಅಲ್ಲ, ಹಂಗಾಗಿ ಸಫಾರಿ ಜೀಪು ಗೀಪು ಏನೂ ಇಲ್ಲ, ಕಾಡಿನ ಮಧ್ಯೆನೇ ಟಾರ್ ರೋಡು, ಊರಿನ ಜನ, ದನಕರು, ದೇವಸ್ಥಾನಕ್ಕೆ ಬರೋ ಭಕ್ತರು, ಲಾಂಗ್ ರೈಡ್ ಬರೋ ಹುಡುಗ್ರು, ಎಲ್ರೂ ಅದೇ ದಾರೀಲಿ. ಕಾಡಿಗೆ ಇರೋ ಕಷ್ಟಾನೂ ಇದೇ, ನಮ್ಮಂಥವರಿಗೆ ಇರೋ ಅನುಕೂಲಾನೂ ಇದೇ.

ಕಲ್ಲಿನಿಂದ ಶುರು ಮಾಡ್ತೀನಿ, ಯಾಕಂದ್ರೆ ಅಲ್ಲಿ ಎಲ್ಲಕ್ಕೂ ಮೂಲ ಕಲ್ಲೇ. ರಾಮನಗರ, ಮಾಗಡಿ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಆಮೇಲೆ ಪಾವಗಡ, ಇವೆಲ್ಲ ಉತ್ತರ ದಕ್ಷಿಣವಾಗಿ ಒಂದೇ ಸಾಲಲ್ಲಿ ಬರೋ ಬೆಟ್ಟಗಳು, ಭೂಗರ್ಭಶಾಸ್ತ್ರದವರು ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತಾರೆ, ಬ್ರಿಟಿಷರ ಕಾಲದಲ್ಲಿ ರಾಮನಗರಕ್ಕಿದ್ದ ಹೆಸರು ಅದು. ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿ ಒಳಗೆ ಆಳದಲ್ಲಿ ಕರಗಿದ್ದ ಶಿಲೆ ನಿಧಾನಕ್ಕೆ ಆರಿ ಗಟ್ಟಿಯಾಗಿ, ಮೇಲಿದ್ದ ಮಣ್ಣು ಕಲ್ಲೆಲ್ಲ ಕೋಟ್ಯಂತರ ವರ್ಷದಲ್ಲಿ ಸವೆದು ಹೋಗಿ ಈಗ ಹೊರಗೆ ಕಾಣ್ತಿದೆ. ಮೇಲಿನ ಭಾರ ಹೋದ್ಮೇಲೆ ಬಂಡೆ ಹಿಗ್ಗುತ್ತೆ, ಹಿಗ್ಗಿದಾಗ ಈರುಳ್ಳಿ ಸಿಪ್ಪೆ ಬಿಟ್ಟಂಗೆ ಪದರ ಪದರವಾಗಿ ಬಿಡ್ತಾ ಬರುತ್ತೆ, ಮೆಟ್ಟಿಲು ಹತ್ತುವಾಗ ಪಕ್ಕದ ಬಂಡೆಗಳಲ್ಲಿ ಇದನ್ನ ಚೆನ್ನಾಗಿ ನೋಡ್ಬಹುದು, ಅಂಗೈ ದಪ್ಪದ ಹಾಳೆ ಎದ್ದು ನಿಂತಿರುತ್ತೆ. ಆ ಸಂದಿಗಳಲ್ಲೇ ಒಂದಿಷ್ಟು ಮಣ್ಣು ಕೂರುತ್ತೆ, ಅಲ್ಲೇ ಹುಲ್ಲು, ಅಲ್ಲೇ ಒಂದು ಬಸರಿ ಮರ ಬೇರು ಇಳಿಬಿಟ್ಕೊಂಡು ನಿಂತಿರುತ್ತೆ. ಮಣ್ಣೇ ಇಲ್ಲದ ಜಾಗದಲ್ಲಿ ಅಷ್ಟು ದೊಡ್ಡ ಮರ ಹೆಂಗೆ ಬೆಳೀತು ಅಂತ ನಿಂತು ನೋಡೋವ್ರು ಕಮ್ಮಿ, ಅದಕ್ಕೆ ಒರಗಿಕೊಂಡು ಫೋಟೋ ತೆಗೆಸ್ಕೊಳ್ಳೋವ್ರೇ ಜಾಸ್ತಿ.

ಈಗ ನೀರಿನ ವಿಷಯ. ನಂಗೆ ಈ ಬೆಟ್ಟದ ಮೇಲೆ ಇಷ್ಟೊಂದು ಅಭಿಮಾನ ಯಾಕೆ ಅಂದ್ರೆ ಇದಕ್ಕೇ. ಗ್ರಾನೈಟ್‌ನಲ್ಲಿ ನೀರು ಇಂಗಲ್ಲ, ಆದ್ರೆ ಬಿರುಕಲ್ಲಿ ಇಳಿಯುತ್ತೆ. ಮಳೆಗಾಲದಲ್ಲಿ ಬಿದ್ದ ನೀರು ಹುಲ್ಲು, ತರಗೆಲೆ, ಬೇರಿನ ಅಡ್ಡ ಸಿಕ್ಕಿ ನಿಧಾನ ಆಗಿ ಬಿರುಕು ಹಿಡ್ಕೊಂಡು ಒಳಗೆ ಹೋಗಿ, ತಿಂಗಳಾನುಗಟ್ಲೆ ತಗೊಂಡು ಎಲ್ಲೋ ಕೆಳಗೆ ಬಂದು ಜಿನುಗುತ್ತೆ. ನಾಮದ ಚಿಲುಮೆ ಅಂಥಾದ್ದೇ ಒಂದು. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಹಚ್ಕೊಳ್ಳೋಕೆ ನೀರು ಸಿಗದೆ ಬಾಣ ಬಿಟ್ಟಾಗ ಬಂಡೆಯಿಂದ ನೀರು ಚಿಮ್ಮಿತು ಅನ್ನೋ ಕತೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಬಂಡೇಲಿ ಸಣ್ಣ ಕುಳಿ, ಅದರಲ್ಲಿ ತಣ್ಣಗಿನ ನೀರು, ಸುತ್ತ ಎಲ್ಲ ಒಣಗಿದ್ರೂ ಅಲ್ಲಿ ನೀರು ಇರುತ್ತೆ. ಕತೆ ನಂಬ್ತೀರೋ ಬಿಡ್ತೀರೋ ನಿಮಗೆ ಬಿಟ್ಟಿದ್ದು, ಮೇಲಿನ ಕಾಡು ಇರೋವರೆಗೂ ಮಾತ್ರ ಆ ನೀರು ಇರುತ್ತೆ ಅನ್ನೋದನ್ನ ನಂಬಿ.

ಇದಕ್ಕಿಂತ ಮಜಾ ಇನ್ನೊಂದಿದೆ. ಜಯಮಂಗಲಿ ನದಿ ಹುಟ್ಟೋದು ಈ ಬೆಟ್ಟಗಳಲ್ಲಿ, ಅದು ಉತ್ತರಕ್ಕೆ ಕೊರಟಗೆರೆ, ಮಧುಗಿರಿ ಕಡೆ ಹರಿದು ಆಂಧ್ರಕ್ಕೆ ಹೋಗಿ ಪೆನ್ನಾರ್ ಸೇರುತ್ತೆ, ಅಂದ್ರೆ ನಮ್ಮ ನಂದಿ ಬೆಟ್ಟದಲ್ಲಿ ಹುಟ್ಟೋ ಉತ್ತರ ಪಿನಾಕಿನಿ. ಶಿಂಷಾ ನದಿ ಹುಟ್ಟೋದೂ ಇದೇ ಬೆಟ್ಟಸಾಲಲ್ಲಿ, ಅದು ದಕ್ಷಿಣಕ್ಕೆ ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಡ್ಯಾಂ ದಾಟಿ, ಮದ್ದೂರು ಮುಟ್ಟಿ, ಕಾವೇರಿ ಸೇರುತ್ತೆ. ಅಂದ್ರೆ ಮಳೆ ಹೊಡೆದಾಗ ಬೆಟ್ಟಸಾಲಿನ ಈ ಮಗ್ಗುಲಿಗೆ ಬಿದ್ದ ಹನಿ ನೆಲ್ಲೂರಿನ ಹತ್ರ ಸಮುದ್ರಕ್ಕೆ, ಆ ಮಗ್ಗುಲಿಗೆ ಬಿದ್ದಿದ್ದು ತಂಜಾವೂರು ದಾಟಿ ಸಮುದ್ರಕ್ಕೆ. ಕುರುಚಲು ಕಾಡು ಅಂತ ಮೂಗು ಮುರಿಯೋ ಈ ಜಾಗ ಎರಡು ನದೀ ಕಣಿವೆಗಳ ನಡುವಿನ ದಿಬ್ಬ ಕಣ್ರೀ. ತುಮಕೂರಿನ ಸ್ಕೂಲುಗಳಲ್ಲಿ ಮಕ್ಕಳಿಗೆ ನೈಲ್ ನದಿ ಎಲ್ಲಿ ಹುಟ್ಟುತ್ತೆ ಅಂತ ಬಾಯಿಪಾಠ ಮಾಡಿಸ್ತಾರೆ, ಮನೆ ಹಿಂದಿನ ಬೆಟ್ಟದಲ್ಲಿ ಎರಡು ನದಿ ಹುಟ್ಟುತ್ತೆ ಅಂತ ಹೇಳಲ್ಲ.

ಕಳೆದ ಸಲ ಚಿಕ್ಕಮ್ಮನ ಮಗಳು ಬೆಂಗಳೂರಿಂದ ಬಂದಿದ್ಲು, ಫೆಬ್ರವರಿ ಕೊನೆ. ಗಾಡಿ ಇಳಿದವಳೇ "ಅಕ್ಕಾ, ಎಲ್ಲಾ ಒಣಗೋಗಿದೆಯಲ್ಲೇ, ಇನ್‌ಸ್ಟಾಗೆ ಒಂದು ಫೋಟೋನೂ ಬರಲ್ಲ" ಅಂದ್ಲು. "ಮೊಬೈಲ್ ಒಳಗಿಡು, ಸ್ವಲ್ಪ ಮೂಗಿಗೆ ಕೆಲಸ ಕೊಡು" ಅಂದೆ. ಒಂದೈದು ನಿಮಿಷ ರೋಡಲ್ಲೇ ನಡ್ಕೊಂಡು ಹೋದ್ವಿ, ಆಮೇಲೆ ಅವಳೇ ನಿಂತು "ಏನಿದು ವಾಸನೆ, ಯಾರೋ ಸೆಂಟ್ ಹೊಡ್ಕೊಂಡು ಹೋದ್ರಾ" ಅಂತ ಕೇಳಿದ್ಲು. ಜಾಲಾರಿ ಹೂವು. ಎಲೆ ಹೆಚ್ಚೇನೂ ಇರದ ಮರದ ತುಂಬ ಸಣ್ಣ ಸಣ್ಣ ತಿಳಿಹಳದಿ ಹೂವು, ಹತ್ರ ಹೋದ್ರೆ ಜೇನ್ನೊಣಗಳ ಗುಂಯ್‌ಗುಡೋ ಸದ್ದು. ಹಿಂದೆ ಮೈಸೂರು ಸೀಮೇಲಿ ಅರಗಿನ ಹುಳ ಸಾಕ್ತಿದ್ದಿದ್ದು ಈ ಮರದ ಮೇಲೇನೇ, ಬಳೆಗೆ ಮುದ್ರೆಗೆ ಎಲ್ಲಕ್ಕೂ ಅರಗು ಬೇಕಿತ್ತಲ್ಲ ಆಗ. ಈಗ ಅರಗೂ ಇಲ್ಲ, ಹೆಸರು ಗೊತ್ತಿರೋವ್ರೂ ಇಲ್ಲ. ಅದೇ ಟೈಮಲ್ಲಿ ಮುತ್ತುಗ ಹೂ ಬಿಡುತ್ತೆ, ಒಂದು ಎಲೆ ಇಲ್ದೆ ಮರ ಪೂರ್ತಿ ಕೇಸರಿ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರು, ಏಪ್ರಿಲ್ ಮೇನಲ್ಲಿ ಕಕ್ಕೆ ಹಳದಿ. ದಿಂಡಿಗ, ಮತ್ತಿ, ಚುಜ್ಜಲು, ಈಚಲು, ಬಂದರಿಕೆ ಗಿಡ, ಕಾರೆ, ಕವಳೆ, ಹೇಳ್ತಾ ಹೋದ್ರೆ ಮುಗಿಯಲ್ಲ. ಮಳೆ ಬರೋಕ್ಕಿಂತ ಮುಂಚೆನೇ, ನೆಲ ಕಾದು ಸುಡ್ತಿರುವಾಗಲೇ, ಈ ಮರಗಳು ಹೂ ಬಿಟ್ಟು ಕಾಯಿ ಕಟ್ಟಿ ಬೀಜ ಉದುರಿಸೋಕೆ ರೆಡಿ ಆಗ್ತವೆ, ಮೊದಲ ಮಳೆಗೆ ಬೀಜ ನೆಲದಲ್ಲಿರಬೇಕು ಅಂತ. ಅದೂ ಅಲ್ದೆ ಎಲೆ ಇಲ್ದೆ ಇದ್ರೆ ಹೂವು ಹುಳಗಳಿಗೆ ದೂರದಿಂದಲೇ ಕಾಣುತ್ತೆ.

ಎಲೆ ಇಲ್ದಿರೋದು ಹಕ್ಕಿ ನೋಡೋವ್ರಿಗೂ ಹಬ್ಬ. ಮಲೆನಾಡಲ್ಲಿ ಹಕ್ಕಿ ಕೂಗೋದು ಕೇಳುತ್ತೆ, ಕಾಣಲ್ಲ, ಕತ್ತು ನೋವು ಬರೋದೊಂದೇ ಲಾಭ. ಇಲ್ಲಿ ಬರಿಗಣ್ಣಿಗೇ ಸಿಗುತ್ತೆ. ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆ ಮಾಡುವಾಗ ಸಲೀಂ ಅಲಿಯವರೇ ನಾಮದ ಚಿಲುಮೆಯ ಅರಣ್ಯ ಇಲಾಖೆ ಬಂಗಲೇಲಿ ಉಳ್ಕೊಂಡಿದ್ರು, ಅಂಥಾ ಜಾಗ ಇದು. ಇಲ್ಲಿನ ವಿಐಪಿ ಅಂದ್ರೆ ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಬೆಟ್ಟಗಳು ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ, ಅಳಿವಿನ ಅಂಚಿಗೆ ಹೋಗ್ತಿರೋ ಪಟ್ಟೀಲಿದೆ. ಬೂದು ಮೈ, ಗಂಟಲಲ್ಲಿ ಹಳದಿ, ಬಂಡೆ ಸಂದಿಯ ಪೊದೆ, ಬಸರಿ ಹಣ್ಣು, ಅಷ್ಟಿದ್ರೆ ಸಾಕು ಅದಕ್ಕೆ. ಬೆಟ್ಟದ ಮೇಲಿನ ದಾರೀಲಿ ಬೆಳಿಗ್ಗೆ ಏಳರ ಒಳಗೆ ಪೊದೆಗಳ ಕಡೆ ಕಿವಿ ಕೊಟ್ಟು ನಿಂತ್ರೆ ಸಿಗೋ ಚಾನ್ಸ್ ಇದೆ, ಒಂಬತ್ತರ ಮೇಲೆ ಸ್ಪೀಕರ್ ಹಾಕ್ಕೊಂಡು ಗಾಡಿಗಳು ಬರೋಕೆ ಶುರುವಾದ್ರೆ ಆಸೆ ಬಿಟ್ಬಿಡಿ. ಇನ್ನು ರಾಜಹಕ್ಕಿ, ಅದರ ಬಿಳೀ ರಿಬ್ಬನ್ ಬಾಲ ನೋಡಿ ತಂಗಿ ಕೂಗಿದ ಕೂಗಿಗೆ ಹಕ್ಕಿ ಹಾರಿ ಹೋಯ್ತು. ಬಿಸಿಲೇರಿದ್ಮೇಲೆ ಬಂಡೆ ಮೇಲೆ ಓತಿಕ್ಯಾತ, ಮಳೆಗಾಲದ ಆಸುಪಾಸಿನಲ್ಲಿ ಹೋದ್ರೆ ಗಂಡಿನ ಬೆನ್ನು ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತೆ, ಮಕ್ಕಳಿಗೆ ತೋರಿಸಿ, ಮೊಬೈಲ್ ಮರೆತುಬಿಡ್ತಾರೆ.

ಚಿರತೆ, ಕರಡಿ ಇವೆ. ಹೆದರಿಸೋಕೆ ಹೇಳ್ತಿಲ್ಲ, ಆದ್ರೆ ಸಂಜೆ ಕತ್ತಲಾಗೋವರೆಗೂ ಬಂಡೆ ಮೇಲೆ ಕೂತು ಗಿಟಾರ್ ಬಾರಿಸೋ ಹುಡುಗ್ರು ಇದನ್ನ ಓದ್ತಾ ಇದ್ರೆ ತಿಳ್ಕೊಳ್ಳಿ. ಚಿರತೆ ಮನುಷ್ಯರನ್ನ ನೋಡಿದ್ರೆ ಜಾರ್ಕೊಳ್ಳುತ್ತೆ, ಕರಡಿ ಹಂಗಲ್ಲ, ಅದಕ್ಕೆ ದೃಷ್ಟಿ ಮಂದ, ಹತ್ರಕ್ಕೆ ಬರೋವರೆಗೂ ಗೊತ್ತಾಗಲ್ಲ, ಗಾಬರಿ ಆದ್ರೆ ಮೇಲೆ ಬೀಳುತ್ತೆ. ಗೆದ್ದಲ ಹುತ್ತ ಬಗೆದು ಹಾಕಿರೋದು ಕಂಡ್ರೆ ಅದರದ್ದೇ ಕೆಲಸ, ಆ ಕಡೆ ಹೋಗ್ಬೇಡಿ. ಕಾಡುಪಾಪ (ಸ್ಲೆಂಡರ್ ಲೋರಿಸ್) ಕೂಡ ನಮ್ಮ ತುಮಕೂರು ಜಿಲ್ಲೆಯ ಆಸ್ತಿ, ನಾಗವಲ್ಲಿ ಊರಿನ ಕಾಡುಪಾಪಗಳ ಬಗ್ಗೆ ಕೇಳಿರ್ತೀರಿ, ಆದ್ರೆ ಅದು ರಾತ್ರಿ ಜೀವಿ, ಟಾರ್ಚ್ ಹಿಡ್ಕೊಂಡು ಹುಡುಕೋಕೆ ಹೋಗೋದು ಬೇಡ, ಪಾಪ ಅದರ ಕಣ್ಣಿಗೆ ಹಿಂಸೆ.

ಚರಿತ್ರೆ ಜಾಸ್ತಿ ಎಳೆಯಲ್ಲ. ಆನೆಬಿದ್ದಸರಿ ಅಂತಿದ್ದ ಜಾಗ ಜಡಕನ ದುರ್ಗ ಆಗಿ, ಚಿಕ್ಕದೇವರಾಜ ಒಡೆಯರ್ ಗೆದ್ದ ಮೇಲೆ ದೇವರಾಯನದುರ್ಗ ಆಯ್ತು. ಕೆಳಗೆ ಭೋಗನರಸಿಂಹ, ತುದೀಲಿ ಯೋಗನರಸಿಂಹ. ಬ್ರಿಟಿಷರ ಕಾಲದಲ್ಲಿ ತುಮಕೂರಿನ ದೊರೆಗಳು ಬೇಸಿಗೆ ಕಳೆಯೋಕೆ ಇಲ್ಲಿಗೆ ಬರ್ತಿದ್ರಂತೆ, ಊಟಿ ದೂರ ಆಗ್ತಿತ್ತೇನೋ. ತುದಿಯಿಂದ ಗಾಳಿ ತಿಳಿಯಾಗಿದ್ದ ದಿನ ಶಿವಗಂಗೆ ಒಂದು ಕಡೆ, ಉತ್ತರಕ್ಕೆ ಮಧುಗಿರಿ ಕಡೆಯ ಬೆಟ್ಟಗಳು. ಆ ವ್ಯೂ ಬಗ್ಗೆ ನಾನೇನು ಹೊಸದಾಗಿ ಹೇಳ್ಬೇಕಿಲ್ಲ.

ಆದ್ರೆ ಒಂದು ಸಂಕಟ ಇದೆ, ಜಾಲಾರಿ ಹೂ ಬಿಡೋ ಕಾಲಾನೂ ಬೆಂಕಿ ಬೀಳೋ ಕಾಲಾನೂ ಒಂದೇ. ಜನವರಿ ಕಳೀತಿದ್ದಂಗೆ ಬೆಟ್ಟದ ಇಳಿಜಾರಿನ ಹುಲ್ಲು ಮೊಣಕಾಲೆತ್ತರ ಒಣಗಿ ನಿಂತಿರುತ್ತೆ, ಒಂದು ಬೀಡಿ ತುಂಡು ಸಾಕು. ಅಲ್ಲಿ ಬೆಂಕಿ ಕಾಯೋ ಕೆಲಸ ಮಾಡೋ ಒಬ್ಬ ವಯಸ್ಸಾದ ವಾಚರ್ ಸಿಕ್ಕಿದ್ರು, ಕೈಯಲ್ಲಿ ಹಸೀ ಸೊಪ್ಪಿನ ಕೊಂಬೆ, ಅದೇ ಅವರ ಆಯುಧ. "ಅಣ್ಣಾ, ಬಿಸಿಲಿಗೆ ತಾನಾಗೇ ಹತ್ಕೊಳ್ಳುತ್ತಂತೆ, ಹೌದಾ" ಅಂತ ಕೇಳಿದೆ. ಅವರು ನಕ್ಕು "ಇಷ್ಟು ವರ್ಷದಲ್ಲಿ ತಾನಾಗೇ ಹತ್ಕೊಂಡಿದ್ದು ಒಂದೂ ನೋಡಿಲ್ಲ ತಾಯಿ, ಎಲ್ಲಾ ಮನುಷ್ಯರದ್ದೇ" ಅಂದ್ರು. ಹೊಸಾ ಹುಲ್ಲು ಚೆನ್ನಾಗಿ ಬರುತ್ತೆ ಅಂತ ಇಡೋವ್ರು ಕೆಲವರು, ಸಿಗರೇಟ್ ಎಸೆಯೋವ್ರು ಕೆಲವರು, ಸುಮ್ನೆ ತಮಾಷೆಗೆ ಇಡೋವ್ರೂ ಇದ್ದಾರಂತೆ. ಬೇಸಿಗೆಗೆ ಮುಂಚೆನೇ ಇಲಾಖೆಯವರು ಬೆಂಕಿ ರೇಖೆ ಅಂತ ಮಾಡ್ತಾರೆ, ಅಗಲವಾದ ಪಟ್ಟಿಯಷ್ಟು ಹುಲ್ಲನ್ನ ತಾವೇ ಸುಟ್ಟು ತೆಗೀತಾರೆ, ಬೆಂಕಿ ಅಲ್ಲಿಗೆ ಬಂದು ನಿಲ್ಲಲಿ ಅಂತ. ಆದ್ರೆ ಗಾಳಿ ಜೋರಿದ್ರೆ ಅದನ್ನೂ ದಾಟುತ್ತೆ.

ದೊಡ್ಡ ಮರ ಒಂದ್ಸಲದ ಬೆಂಕಿಗೆ ಸಾಯಲ್ಲ, ತೊಗಟೆ ದಪ್ಪ ಇರುತ್ತೆ. ಸಾಯೋದು ಎರಡು ಮೂರು ವರ್ಷದ ಸಸಿಗಳು, ನೆಲದ ಮೇಲೆ ಗೂಡು ಮಾಡೋ ಹಕ್ಕಿ, ಹಾವು, ಆಮೆ, ಹಲ್ಲಿ. ವರ್ಷಾ ವರ್ಷಾ ಬೆಂಕಿ ಬಿದ್ರೆ ಮುಂದಿನ ತಲೆಮಾರಿನ ಜಾಲಾರಿ ಮೇಲೇಳೋದೇ ಇಲ್ಲ, ಅದರ ಜಾಗಕ್ಕೆ ಸುಟ್ಟರೂ ಬುಡದಿಂದ ಚಿಗುರೋ ಲಾಂಟಾನ ಅನ್ನೋ ಕಳೆಗಿಡ ಬಂದು ಕೂರುತ್ತೆ. ಆಮೇಲೆ ನಾವೇ ಹೋಗಿ ನೋಡಿ "ಬರೀ ಕುರುಚಲು" ಅಂತೀವಿ! ಅದಕ್ಕೇ ಬೆಂಕಿ ಕಾಲದಲ್ಲಿ ಇಲಾಖೆಯವರು ಒಳಗೆ ಬಿಡಲ್ಲ ಅಂದ್ರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ, ರೋಡಲ್ಲಿ ನಡೆದ್ರೂ ಹೂವು ಕಾಣುತ್ತೆ, ವಾಸನೆ ಅಂತೂ ಬಂದೇ ಬರುತ್ತೆ. ರೋಡು ಮೆಟ್ಟಿಲು ಬಿಟ್ಟು ಕಾಡೊಳಗೆ ಟ್ರೆಕ್ಕಿಂಗ್ ಮಾಡ್ಬೇಕು ಅಂತಿದ್ರೆ ಯಾವ ಕಾಲದಲ್ಲಾದ್ರೂ ಮೊದ್ಲೇ ಅನುಮತಿ ತಗೊಳ್ಳಿ.

ಕೋತಿಗಳಿಗೆ ಚಿಪ್ಸ್ ಹಾಕೋವ್ರ ಬಗ್ಗೆ ಒಂದು ಮಾತು, ಪುಣ್ಯ ಬರುತ್ತೆ ಅಂತ ಹಾಕ್ತೀರ, ಆ ಕೋತಿ ಕಾಡಲ್ಲಿ ಹಣ್ಣು ಹುಡುಕೋದು ಬಿಟ್ಟು ರೋಡಲ್ಲಿ ಕೂತ್ಕೊಳ್ಳುತ್ತೆ, ಗಾಡಿ ಕೆಳಗೆ ಬೀಳುತ್ತೆ, ಇಲ್ಲಾ ಅಂದ್ರೆ ಮುಂದಿನ ಸಲ ಯಾವುದೋ ಮಗು ಕೈಯಿಂದ ಕಿತ್ಕೊಳ್ಳೋಕೆ ಹೋಗಿ ಪರಚುತ್ತೆ. ಬೇಡ.

ಏನೇನು ಮಾಡ್ಬಹುದು ಅಂತ ಕೇಳೋವ್ರಿಗೆ, ಸೈಕಲ್ ಹೊಡೆಯೋರಿಗೆ ಈ ಏರು ಸಖತ್ತು, ಬೆಂಗಳೂರಿಂದ ಡಾಬಸ್‌ಪೇಟೆ, ಊರ್ಡಿಗೆರೆ ಮೇಲೆ ಬಂದು ಹತ್ತಿ, ನಾಮದ ಚಿಲುಮೆ ಕಡೆ ಇಳಿದು ತುಮಕೂರು ಸೇರಿದ್ರೆ ಕಾಡಿನ ಎರಡೂ ಮುಖ ನೋಡಿದಂಗಾಗುತ್ತೆ. ವಯಸ್ಸಾದವರು ಇದ್ರೆ ನಾಮದ ಚಿಲುಮೇಲೇ ಬೆಳಿಗ್ಗೆ ಪೂರ್ತಿ ಕಳೀಬಹುದು, ನೆರಳಿದೆ, ಔಷಧಿ ಗಿಡಗಳ ತೋಟ ಇದೆ, ಹೆಸರು ಓದ್ಕೊಂಡು ಓಡಾಡ್ತಾ ಇದ್ರೆ ನಮ್ಮ ಅಮ್ಮನಿಗೆ ಟೈಮ್ ಹೋಗಿದ್ದೇ ಗೊತ್ತಾಗಲ್ಲ, ಪ್ರತಿ ಗಿಡಕ್ಕೂ ಒಂದೊಂದು ಕಷಾಯ ನೆನಪಾಗುತ್ತೆ ಅವರಿಗೆ. ಕಾಲು ಗಟ್ಟಿ ಇರೋವ್ರು ಕೆಳಗೆ ಗಾಡಿ ನಿಲ್ಲಿಸಿ ಮೇಲಿನ ದೇವಸ್ಥಾನದವರೆಗೂ ನಡ್ಕೊಂಡೇ ಹೋಗಿ, ಕಾರಲ್ಲಿ ಕೂತು ಏಸಿ ಹಾಕ್ಕೊಂಡ್ರೆ ಜಾಲಾರಿ ನಿಮಗೆ ಸಿಗಲ್ಲ. ನೀರು ಜಾಸ್ತಿ ಇಟ್ಕೊಳ್ಳಿ, ಬಾಟಲಿ ವಾಪಸ್ ತನ್ನಿ, ಸ್ಪೀಕರ್ ಮನೇಲೇ ಬಿಟ್ಟು ಬನ್ನಿ. ಭಾನುವಾರ ಬಿಟ್ಟು ಬೇರೆ ಯಾವ ದಿನ ಆದ್ರೂ ಸರಿ.

ಇಷ್ಟೆಲ್ಲ ಹೇಳಿದ್ಮೇಲೂ "ಇಲ್ಲ, ನಮಗೆ ಹಸಿರೇ ಬೇಕು" ಅನ್ನೋವ್ರು ಅಕ್ಟೋಬರ್‌ನಲ್ಲಿ ಹೋಗಿ, ಮೋಡ ಬೆಟ್ಟಕ್ಕೇ ತಾಗಿರುತ್ತೆ, ಬಂಡೆ ಮೇಲಿನ ದೊಣೆಗಳಲ್ಲಿ ನೀರು ನಿಂತಿರುತ್ತೆ, ಚಿಟ್ಟೆಗಳೂ ಜಾಸ್ತಿ. ಆ ಟೈಮಲ್ಲಿ ಸುತ್ತಲಿನ ಹಳ್ಳಿಯವರು ಬೆಟ್ಟದ ಸೀತಾಫಲ ಬುಟ್ಟೀಲಿ ತುಂಬ್ಕೊಂಡು ರೋಡ್ ಪಕ್ಕ ಕೂತಿರ್ತಾರೆ, ಮಾಲ್‌ನಲ್ಲಿ ಸಿಗೋ ಅಷ್ಟು ದಪ್ಪ ಇರಲ್ಲ, ಸಿಹಿ ಮಾತ್ರ ಅದಕ್ಕಿಂತ ಜಾಸ್ತಿ, ದಯವಿಟ್ಟು ಅವರ ಹತ್ರ ಹತ್ತು ರೂಪಾಯಿಗೆ ಚೌಕಾಸಿ ಮಾಡ್ಬೇಡಿ.